ಮಿಕ್ಕ ಸಾಮಾನಿನಿಂದ ಬಂದ ಆಸಿಲೋಸ್ಕೋಪು

ಏಳಿಂಚಿನ ಸ್ಪರ್ಶಪರದೆ, ಒಳಗೊಂದು ಲಿಥಿಯಂ ಬ್ಯಾಟರಿ, ಪ್ರೋಬ್ ಸಿಕ್ಕಿಸಲು ಮೇಲಂಚಿನಲ್ಲಿ ಎರಡು ಬಿಎನ್‌ಸಿ ಕನೆಕ್ಟರು. ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ಈಗ ಕೊಳ್ಳುತ್ತಿರುವ ಟ್ಯಾಬ್ಲೆಟ್ ಆಸಿಲೋಸ್ಕೋಪು ನೋಡಲು ಇಷ್ಟೇ. ವೋಲ್ಟೇಜು ಕ್ಷಣಕ್ಷಣಕ್ಕೆ ಹೇಗೆ ಏರಿಳಿಯುತ್ತದೆ ಎಂಬುದನ್ನು ಗೆರೆಯಾಗಿ ಬರೆದು ತೋರಿಸುವ ಈ ಉಪಕರಣ ಒಂದು ಕಾಲಕ್ಕೆ ಪ್ರಯೋಗಾಲಯದ ಮೇಜನ್ನು ಪೂರ್ತಿ ಆಕ್ರಮಿಸುತ್ತಿತ್ತು. ಅದು ಕೈಚೀಲಕ್ಕೆ ಇಳಿದ ಕಥೆಯನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ: ತಂತ್ರಜ್ಞಾನ ಮುಂದುವರಿಯಿತು, ದೊಡ್ಡದು ಚಿಕ್ಕದಾಯಿತು, ದುಬಾರಿಯದು ಅಗ್ಗವಾಯಿತು. ಈ ಮಾತು ಸುಳ್ಳಲ್ಲ, ಆದರೆ ಇದರಿಂದ ಏನೂ ತಿಳಿಯುವುದಿಲ್ಲ. ಪರದೆ ಇಷ್ಟು ಸೊಗಸಾಗಿರುವ ಉಪಕರಣದಲ್ಲಿ ಸಿಗ್ನಲ್ ಒಳಗೆ ಬರುವ ಬಾಗಿಲು ಯಾಕೆ ಇಷ್ಟು ಇಕ್ಕಟ್ಟು? ಬ್ಯಾಟರಿ ಗಂಟೆಗಟ್ಟಲೆ ಬರುವಾಗ ಪೆಟ್ಟಿಗೆಯ ಮೇಲೆ ಬರೆದ ಮೆಗಾಹರ್ಟ್ಜ್ ಯಾಕೆ ಪೂರ್ತಿ ಸಿಗುವುದಿಲ್ಲ? ಎಲ್ಲವೂ ಒಟ್ಟಿಗೆ ಸುಧಾರಿಸಿದ್ದರೆ ಈ ಏರುಪೇರು ಇರಬಾರದಿತ್ತು. ನನ್ನ ವಾದ ಇಷ್ಟು: ಹವ್ಯಾಸಿಯ ಕೈಗೆ ಬಂದ ಆಸಿಲೋಸ್ಕೋಪು ಯಾವ ಕಾಲದಲ್ಲೂ ಅವರಿಗೆಂದೇ ಮೊದಲಿನಿಂದ ಕಟ್ಟಿದ್ದಲ್ಲ. ಅದು ಪ್ರತಿ ಸಲವೂ ಬೇರೊಂದು ದೊಡ್ಡ ಉದ್ಯಮದಲ್ಲಿ ಮಿಕ್ಕ ಸಾಮಾನಿನಿಂದ ಹುಟ್ಟಿದೆ. ಯಾವ ಸಾಮಾನು ಎಲ್ಲಿಂದ ಮಿಕ್ಕಿತು ಎಂದು ತಿಳಿದರೆ ಉಪಕರಣದ ಗುಣವೂ ದೋಷವೂ ತಾವಾಗಿಯೇ ಅರ್ಥವಾಗುತ್ತವೆ.

ಮೊದಲ ಐವತ್ತು ವರ್ಷ ಹವ್ಯಾಸಿಗೆ ಇದರಲ್ಲಿ ಪಾಲೇ ಇರಲಿಲ್ಲ ಎನ್ನಬಹುದು. ಕಾರ್ಲ್ ಫರ್ಡಿನೆಂಡ್ ಬ್ರೌನ್ 1897ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಕ್ಯಾಥೋಡ್ ಕಿರಣದ ಕೊಳವೆಯನ್ನು ಮಾಡಿ ತೋರಿಸಿದ. 1930ರ ದಶಕದ ಹೊತ್ತಿಗೆ ಅಮೆರಿಕ, ಬ್ರಿಟನ್ನುಗಳಲ್ಲಿ ಆಸಿಲೋಸ್ಕೋಪುಗಳು ಮಾರಾಟಕ್ಕೂ ಬಂದಿದ್ದವು. ಆದರೆ ಅವು ವಿಶ್ವವಿದ್ಯಾಲಯ, ಟೆಲಿಫೋನ್ ಕಂಪನಿ, ರೇಡಿಯೋ ಕಾರ್ಖಾನೆಗಳ ಸೊತ್ತು. ಚಿತ್ರ ಮೂಡಿಸುವ ಕೊಳವೆಯೇ ತುಟ್ಟಿಯಾಗಿದ್ದಾಗ ಮನೆಯ ಮೂಲೆಯಲ್ಲಿ ರೇಡಿಯೋ ಕಟ್ಟುವವರು ಅದರ ಆಸೆ ಪಡುವಂತಿರಲಿಲ್ಲ. ಪರಿಸ್ಥಿತಿಯನ್ನು ಬದಲಿಸಿದ್ದು ಎರಡನೇ ಮಹಾಯುದ್ಧ. ಆ ಕಾಲದ ಸರಳ ರೇಡಾರ್ ಪರದೆಯ ಕೆಲಸ ಹೀಗಿತ್ತು: ರೇಡಿಯೋ ಮಿಡಿತವೊಂದು ಹೊರಟ ಕ್ಷಣದಿಂದ ಬೆಳಕಿನ ಚುಕ್ಕೆ ಎಡದಿಂದ ಬಲಕ್ಕೆ ಓಡುತ್ತದೆ, ಶತ್ರು ವಿಮಾನಕ್ಕೆ ಬಡಿದು ಮರಳಿದ ಪ್ರತಿಧ್ವನಿ ಬಂದಾಗ ಚುಕ್ಕೆ ಮೇಲಕ್ಕೆ ಜಿಗಿಯುತ್ತದೆ. ಅಡ್ಡಕ್ಕೆ ಕಾಲ, ಉದ್ದಕ್ಕೆ ವೋಲ್ಟೇಜು. ಅಂದರೆ ಆ ಪರದೆಯೇ ಒಂದು ಆಸಿಲೋಸ್ಕೋಪು. ಯುದ್ಧಕ್ಕಾಗಿ ಇಂಥ ಕೊಳವೆಗಳನ್ನು ರಾಶಿ ರಾಶಿ ಮಾಡಿದರು. ಯುದ್ಧ ಮುಗಿದಾಗ ಅವು ಗೋದಾಮುಗಳಲ್ಲಿ ಉಳಿದವು. ಬ್ರಿಟನ್ನಿನಲ್ಲಿ ವಿಸಿಆರ್97 ಎಂಬ ಆರಿಂಚಿನ ಹಸಿರು ಕೊಳವೆ ಸರ್ಪ್ಲಸ್ ಅಂಗಡಿಗಳಿಗೆ ಬಂತು. ಅದರಲ್ಲಿ ಹವ್ಯಾಸಿಗಳು ಆಸಿಲೋಸ್ಕೋಪನ್ನಷ್ಟೇ ಅಲ್ಲ, ಮನೆಯಲ್ಲೇ ಟೆಲಿವಿಷನ್ನನ್ನೂ ಕಟ್ಟಿಕೊಂಡರು. ಹಸಿರು ಚಿತ್ರದ ಆ ಟೀವಿ ಯಾರ ಆಯ್ಕೆಯೂ ಆಗಿರಲಿಲ್ಲ. ಸಿಕ್ಕಿದ ಕೊಳವೆ ಹಸಿರಾಗಿತ್ತು, ಅಷ್ಟೇ.

ಅಮೆರಿಕದಲ್ಲಿ ಇದೇ ಮಾಲು ಒಂದು ವ್ಯಾಪಾರವನ್ನೇ ಹುಟ್ಟುಹಾಕಿತು. ಮಿಷಿಗನ್ ರಾಜ್ಯದ ಬೆಂಟನ್ ಹಾರ್ಬರಿನ ಹೀತ್ ಕಂಪನಿ ಮೂಲತಃ ವಿಮಾನದ ಕಿಟ್ ಮಾರುತ್ತಿದ್ದ ಸಂಸ್ಥೆ. ಅದರ ಒಡೆಯ ಹೊವರ್ಡ್ ಆಂಥನಿ ಯುದ್ಧಾನಂತರ ಮಿಕ್ಕ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಸಗಟಾಗಿ ಕೊಂಡ. ಅದರಿಂದ 1947ರಲ್ಲಿ ಹೊರಬಂದ ಮೊದಲ ಹೀತ್‌ಕಿಟ್, ಒ-1 ಆಸಿಲೋಸ್ಕೋಪು. ಐದಿಂಚಿನ ಕೊಳವೆ, ಬಿಡಿಭಾಗಗಳು, ಜೋಡಿಸುವ ಕ್ರಮ ಬರೆದ ಕೈಪಿಡಿ, ಎಲ್ಲ ಸೇರಿ 50 ಡಾಲರ್ ಮೀರದ ಬೆಲೆ. ಅದೇ ವರ್ಷ ಒರೆಗಾನಿನ ಪೋರ್ಟ್‌ಲೆಂಡಿನಲ್ಲಿ ಟೆಕ್ಟ್ರಾನಿಕ್ಸ್ ಎಂಬ ಹೊಸ ಕಂಪನಿ ತನ್ನ 511 ಮಾದರಿಯನ್ನು 795 ಡಾಲರಿಗೆ ಮಾರುಕಟ್ಟೆಗೆ ತಂದಿತು. ಬೆಲೆಯ ಈ ಅಂತರದಲ್ಲಿ ಮುಂದಿನ ಎಪ್ಪತ್ತು ವರ್ಷದ ಚರಿತ್ರೆಯ ಬೀಜವಿದೆ. ಒ-1ರಲ್ಲಿ ಚುಕ್ಕೆಯ ಓಟ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ತರಂಗವನ್ನು ನಿಲ್ಲಿಸಬೇಕಾದರೆ ಗುಂಡಿ ತಿರುಗಿಸಿ ಓಟದ ವೇಗವನ್ನು ಅದರೊಂದಿಗೆ ಹೊಂದಿಸಿಕೊಳ್ಳಬೇಕು, ಸ್ವಲ್ಪ ತಪ್ಪಿದರೂ ಚಿತ್ರ ಜಾರಿಹೋಗುತ್ತದೆ. 511ರಲ್ಲಿ ಸಿಗ್ನಲ್ಲೇ ಓಟವನ್ನು ಶುರು ಮಾಡುತ್ತದೆ. ವೋಲ್ಟೇಜು ಗೊತ್ತುಪಡಿಸಿದ ಮಟ್ಟ ದಾಟಿದಾಗ ಮಾತ್ರ ಚುಕ್ಕೆ ಹೊರಡುವುದರಿಂದ ಚಿತ್ರ ಪ್ರತಿ ಸಲವೂ ಒಂದೇ ಜಾಗದಲ್ಲಿ ಬಂದು ಕೂರುತ್ತದೆ. ಇದೇ ಟ್ರಿಗರ್. ಅಡ್ಡ ಗೆರೆಯ ಒಂದು ಮನೆಗೆ ಎಷ್ಟು ಮೈಕ್ರೋಸೆಕೆಂಡ್ ಎಂಬ ಲೆಕ್ಕವೂ ಖಚಿತವಾಯಿತು. ಅಲ್ಲಿಯವರೆಗೆ ನೋಡುವ ಸಾಧನವಾಗಿದ್ದದ್ದು ಅಳೆಯುವ ಸಾಧನವಾಯಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಟ್ರಿಗರ್ ಎಂಬುದು ಯಾರ ಗೋದಾಮಿನಲ್ಲೂ ಮಿಕ್ಕದ್ದಲ್ಲ, ಅದು ಬುದ್ಧಿಯಿಂದ ಬಂದದ್ದು. ಹಾಗಿರುವಾಗ ಈ ಚರಿತ್ರೆಯನ್ನು ಮಿಕ್ಕ ಸಾಮಾನಿನ ಚರಿತ್ರೆ ಎನ್ನುವುದು ಆವಿಷ್ಕಾರಕ್ಕೆ ಮಾಡುವ ಅನ್ಯಾಯವಲ್ಲವೆ? ಆಕ್ಷೇಪ ಸರಿ, ಆದರೆ ಅದು ವೃತ್ತಿಪರರ ಆಸಿಲೋಸ್ಕೋಪಿಗೆ ಸಲ್ಲುತ್ತದೆ. ಆವಿಷ್ಕಾರ ಹವ್ಯಾಸಿಯ ಮೇಜಿಗೆ ಬಂದ ದಾರಿಯೇ ಬೇರೆ. ಒಯ್ಯಬಹುದಾದ ಆಸಿಲೋಸ್ಕೋಪು ಎಂಬ ಕಲ್ಪನೆಯನ್ನೇ ನೋಡಿ. ಐಬಿಎಂ 1964ರಲ್ಲಿ ಸಿಸ್ಟಂ/360 ಕಂಪ್ಯೂಟರನ್ನು ಘೋಷಿಸಿದ ಮೇಲೆ, ಗಿರಾಕಿಗಳ ಕಚೇರಿಗೇ ಹೋಗಿ ರಿಪೇರಿ ಮಾಡುವ ಅದರ ಎಂಜಿನಿಯರುಗಳಿಗೆ ಹೊತ್ತೊಯ್ಯಬಲ್ಲ, ಆದರೆ ವೇಗದ ಮಿಡಿತಗಳನ್ನು ತೋರಿಸಬಲ್ಲ ಸ್ಕೋಪು ಬೇಕಾಯಿತು. ಆ ಬೇಡಿಕೆಗೆ ಉತ್ತರವಾಗಿ 1965ರಲ್ಲಿ ಬಂದದ್ದು ಟೆಕ್ಟ್ರಾನಿಕ್ಸ್ 453: ಬಹುಪಾಲು ಟ್ರಾನ್ಸಿಸ್ಟರ್, 50 ಮೆಗಾಹರ್ಟ್ಜ್, ಎರಡು ಚಾನೆಲ್, ಎತ್ತಲು ಗಟ್ಟಿ ಹಿಡಿಕೆ. 1972ರ 465 ಅದನ್ನು 100 ಮೆಗಾಹರ್ಟ್ಜ್‌ಗೆ ಏರಿಸಿತು. ಇವು ಕಾರ್ಖಾನೆಯಿಂದ ನೇರ ಹವ್ಯಾಸಿಯ ಮನೆಗೆ ಬರಲಿಲ್ಲ. ಕಂಪನಿಗಳು ಹತ್ತಿಪ್ಪತ್ತು ವರ್ಷ ದುಡಿಸಿಕೊಂಡು, ಲೆಕ್ಕದ ಪುಸ್ತಕದಲ್ಲಿ ಬೆಲೆ ಸೊನ್ನೆಗಿಳಿದ ಮೇಲೆ, ಹರಾಜಿನ ಮೂಲಕ ಬಂದವು. ಹೊಸ ಆಮದು ಸಲಕರಣೆ ಕೈಗೆಟುಕದ ನಮ್ಮಲ್ಲಿಯಂತೂ ಬೆಂಗಳೂರಿನ ಎಸ್.ಪಿ. ರೋಡಿನಂಥ ಬಿಡಿಭಾಗ, ಹಳೇ ಸಾಮಾನಿನ ಮಾರುಕಟ್ಟೆಗಳೇ ಹವ್ಯಾಸಿಯ ಆಸರೆಯಾದವು. ಟ್ರಿಗರ್ ಆವಿಷ್ಕಾರವಾಗಿಯೇ ಹುಟ್ಟಿತು, ಆದರೆ ಹವ್ಯಾಸಿಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್ ಆಗಿ. ಮೊದಲ ಅಲೆಯಲ್ಲಿ ಸೇನೆ ಬಿಟ್ಟದ್ದು, ಎರಡನೆಯದರಲ್ಲಿ ಕಂಪ್ಯೂಟರ್ ಉದ್ಯಮ ಬಿಟ್ಟದ್ದು. ನಡುವಿನ ವ್ಯತ್ಯಾಸ ಇಷ್ಟೇ.

ಕೊಳವೆ ಇರುವವರೆಗೆ ಆಸಿಲೋಸ್ಕೋಪು ಒಂದು ಮಿತಿಗಿಂತ ತೆಳುವಾಗುವಂತಿರಲಿಲ್ಲ. ಎಲೆಕ್ಟ್ರಾನ್ ಕಿರಣ ಬಾಗಿ ಹರಡಿಕೊಳ್ಳಲು ಉದ್ದ ಬೇಕು, ಅದನ್ನು ಓಡಿಸಲು ಸಾವಿರಗಟ್ಟಲೆ ವೋಲ್ಟ್ ಬೇಕು. ಈ ಮಿತಿಯನ್ನು ಮುರಿದದ್ದು ಪರದೆ ಎಂದುಕೊಳ್ಳುತ್ತೇವೆ, ಆದರೆ ನಿಜವಾಗಿ ಮುರಿದದ್ದು ನೆನಪು. ಸಿಗ್ನಲ್ ಬಂದ ಕ್ಷಣದಲ್ಲೇ ಅದನ್ನು ಬರೆಯಬೇಕಾದರೆ ಬೆಳಕಿನಷ್ಟು ಚುರುಕಾದ ಪರದೆ ಬೇಕು. ಮೊದಲು ಅಂಕಿಗಳಾಗಿ ಕೂಡಿಟ್ಟು ಆಮೇಲೆ ನಿಧಾನವಾಗಿ ಬರೆಯಬಹುದಾದರೆ ಎಂಥ ಸೋಮಾರಿ ಪರದೆಯೂ ಸಾಕು. ಈ ಡಿಜಿಟಲ್ ಕ್ರಮ ಕೂಡ ಹವ್ಯಾಸಿಯನ್ನು ನೆನೆದು ಹುಟ್ಟಿದ್ದಲ್ಲ. ಅದರ ಆದ್ಯರಲ್ಲಿ ಒಬ್ಬನಾದ ವಾಲ್ಟರ್ ಲೆಕ್ರಾಯ್ ಕಣಭೌತ ಪ್ರಯೋಗಗಳಿಗೆ ಉಪಕರಣ ಮಾಡುತ್ತಿದ್ದವನು. ಒಮ್ಮೆ ಮಿಂಚಿ ಮತ್ತೆಂದೂ ಬಾರದ ಮಿಡಿತವನ್ನು ಹಿಡಿದಿಡುವುದು ಅಲ್ಲಿನ ತುರ್ತಾಗಿತ್ತು. 1991ರಲ್ಲಿ ಫ್ಲೂಕ್ ಕಂಪನಿಯ ಸ್ಕೋಪ್‌ಮೀಟರ್ ಅಂಕಿ, ನೆನಪು, ಎಲ್‌ಸಿಡಿ ಪರದೆ, ಬ್ಯಾಟರಿ ನಾಲ್ಕನ್ನೂ ಒಂದು ಕೈಪೆಟ್ಟಿಗೆಯಲ್ಲಿ ಸೇರಿಸಿತು. ಇಂದಿನ ಟ್ಯಾಬ್ಲೆಟ್ ಸ್ಕೋಪಿನ ಎಲ್ಲ ಮುಖ್ಯ ಅಂಗಗಳೂ ಅದರಲ್ಲಿದ್ದವು. ಅದು ಕಾರ್ಖಾನೆಯ ಮೋಟರು, ಡ್ರೈವುಗಳ ನಡುವೆ ಓಡಾಡುವ ನಿರ್ವಹಣಾ ಸಿಬ್ಬಂದಿಗಾಗಿ ಮಾಡಿದ್ದು, ಬೆಲೆಯೂ ಹಾಗೇ ಇತ್ತು. 1997ರಲ್ಲಿ ಬಂದ ಟೆಕ್ಟ್ರಾನಿಕ್ಸ್ ಟಿಡಿಎಸ್210 ಸೆಕೆಂಡಿಗೆ ನೂರು ಕೋಟಿ ಮಾದರಿಗಳನ್ನು, ಅಂದರೆ ವೋಲ್ಟೇಜಿನ ಕ್ಷಣಕ್ಷಣದ ಅಳತೆಗಳನ್ನು, ತೆಗೆಯುತ್ತಿತ್ತು, ಆದರೆ ಒಂದು ಚಾನೆಲ್ಲಿಗೆ ಕೂಡಿಡುತ್ತಿದ್ದದ್ದು 2,500 ಬಿಂದುಗಳನ್ನು ಮಾತ್ರ. ಆ ವೇಗದಲ್ಲಿ ಅಷ್ಟು ಬಿಂದು ಎಂದರೆ ಎರಡೂವರೆ ಮೈಕ್ರೋಸೆಕೆಂಡಿನ ಚಿತ್ರ. ವೇಗದ ನೆನಪು ಆಗ ಅಷ್ಟು ದುಬಾರಿ.

ಆ ನೆನಪನ್ನೂ ಪರದೆಯನ್ನೂ ಅಗ್ಗವಾಗಿಸಿದ್ದು ಮೊಬೈಲ್ ಫೋನು. ಅದರೊಂದಿಗೆ ಮೂರನೇ ಅಲೆ ಎದ್ದಿತು. 2009ರಲ್ಲಿ ಶೆನ್‌ಝೆನ್ನಿನ ಸೀಡ್ ಸ್ಟುಡಿಯೋ ಮಾರಿದ ಡಿಎಸ್‌ಒ ನ್ಯಾನೋ ನೋಡಲು ಸಣ್ಣ ಮ್ಯೂಸಿಕ್ ಪ್ಲೇಯರಿನಂತಿತ್ತು. ಅದರ ಬಣ್ಣದ ಪರದೆ 320×240 ಚುಕ್ಕೆಗಳದು. ಮಾದರಿ ತೆಗೆಯುವುದೂ ಚಿತ್ರ ಬರೆಯುವುದೂ ಒಂದೇ ಮೈಕ್ರೋಕಂಟ್ರೋಲರಿನ ಕೆಲಸ. ಆ ಚಿಪ್ಪಿನೊಳಗೆ ಮೊದಲೇ ಇದ್ದ, ವೋಲ್ಟೇಜನ್ನು ಅಂಕಿಯಾಗಿಸುವ ಪರಿವರ್ತಕ ಸೆಕೆಂಡಿಗೆ ಹತ್ತು ಲಕ್ಷ ಮಾದರಿಗಳಷ್ಟೇ ತೆಗೆಯುತ್ತಿದ್ದರಿಂದ ಉಪಕರಣದ ವೇಗವೂ ಅಲ್ಲಿಗೇ ನಿಂತಿತು. ಆಮೇಲೆ ಬಂದ ಅಗ್ಗದ ಟ್ಯಾಬ್ಲೆಟ್ ಸ್ಕೋಪನ್ನು ಬಿಚ್ಚಿ ನೋಡಿದರೆ ವಂಶಾವಳಿ ಇನ್ನೂ ಸ್ಪಷ್ಟ. 800×480 ಚುಕ್ಕೆಗಳ ಏಳಿಂಚಿನ ಪರದೆ ಅಗ್ಗದ ಟ್ಯಾಬ್ಲೆಟ್ಟಿನಲ್ಲೂ ಕಾರಿನ ಮೀಡಿಯಾ ಪ್ಲೇಯರಿನಲ್ಲೂ ಬರುವಂಥದ್ದು. ಬ್ಯಾಟರಿಯೂ ಅದನ್ನು ತುಂಬುವ ಚಿಪ್ಪೂ ಫೋನು, ಪವರ್ ಬ್ಯಾಂಕುಗಳದ್ದು. ಕೆಲವದರಲ್ಲಿ ಮಿದುಳಾಗಿ ಕೂತಿರುವುದು ಆಲ್‌ವಿನ್ನರ್ ಕಂಪನಿಯ ಎಫ್1ಸಿ100ಎಸ್, ವಿಡಿಯೋ ತೋರಿಸುವ ಅಗ್ಗದ ಸಾಧನಗಳಿಗೆಂದು ಮಾಡಿದ, 32 ಮೆಗಾಬೈಟ್ ನೆನಪನ್ನು ಒಡಲಲ್ಲೇ ಇಟ್ಟುಕೊಂಡ ಚಿಪ್ಪು. ಇವುಗಳಲ್ಲಿ ಒಂದೂ ಆಸಿಲೋಸ್ಕೋಪಿಗಾಗಿ ಹುಟ್ಟಿದ್ದಲ್ಲ. ಕೋಟಿಗಟ್ಟಲೆ ಬೇರೆ ಸಾಮಾನುಗಳಿಗಾಗಿ ಓಡುತ್ತಿರುವ ಕಾರ್ಖಾನೆ ಒಂದಿಷ್ಟನ್ನು ಈ ಕಡೆಗೂ ಹರಿಸುತ್ತಿದೆ. ಇದು ಗೋದಾಮಿನಲ್ಲಿ ಕೊಳೆಯುತ್ತಿದ್ದ ಮಾಲಲ್ಲ ನಿಜ. ಆದರೆ ಬೇರೆಯವರ ಬೇಡಿಕೆಯಿಂದ ಬೆಲೆ ಇಳಿದ ಮಾಲು ಎಂಬ ಅರ್ಥದಲ್ಲಿ ವಿಸಿಆರ್97ಕ್ಕೂ ಇದಕ್ಕೂ ಭೇದವಿಲ್ಲ.

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರಬಹುದು. ಟ್ಯಾಬ್ಲೆಟ್ ಸ್ಕೋಪಿನ ಯಾವ ಗುಣಗಳಿಗೆ ಫೋನಿನ ಉದ್ಯಮ ಬಂಡವಾಳ ಹಾಕಿದೆಯೋ ಅವುಗಳಲ್ಲಿ ಅದು ಧಾರಾಳಿ: ಪರದೆ, ಸ್ಪರ್ಶ, ಬ್ಯಾಟರಿ, ಚಿತ್ರವನ್ನು ಉಳಿಸಿಕೊಳ್ಳುವ ಸೌಕರ್ಯ. ಯಾವುದಕ್ಕೆ ಬೇರೆ ಗಿರಾಕಿಯೇ ಇಲ್ಲವೋ ಅಲ್ಲಿ ಅದು ಜಿಪುಣ. ಅಂಥ ಜಾಗ ಒಂದೇ: ಪ್ರೋಬಿನಿಂದ ಪರಿವರ್ತಕದವರೆಗಿನ ಅನಲಾಗ್ ದಾರಿ. ಒಂದೆರಡು ಮಿಲಿವೋಲ್ಟಿನಿಂದ ನೂರಾರು ವೋಲ್ಟಿನವರೆಗೆ ಏನು ಬಂದರೂ ಅದನ್ನು ರೂಪಗೆಡಿಸದೆ, ಎಲ್ಲ ಆವರ್ತನಗಳನ್ನೂ ಸಮನಾಗಿ ನಡೆಸಿಕೊಂಡು ಒಂದು ಅಳತೆಗೆ ತರುವ ಸರ್ಕ್ಯೂಟು ಅದು. ಯಾವ ಫೋನಿಗೂ ಇದು ಬೇಡ, ಆದ್ದರಿಂದ ಯಾರೂ ಇದನ್ನು ಕೋಟಿಗಟ್ಟಲೆ ಮಾಡುವುದಿಲ್ಲ. ಪರಿಣಾಮ ಏನೆಂದು ಒಂದು ಲೆಕ್ಕದಿಂದ ನೋಡಬಹುದು. ಬ್ಯಾಂಡ್‌ವಿಡ್ತ್ 30 ಮೆಗಾಹರ್ಟ್ಜ್ ಎಂದರೆ ಆ ಆವರ್ತನದಲ್ಲಿ ಒಂದು ವೋಲ್ಟಿನ ಸಿಗ್ನಲ್ ಪರದೆಯ ಮೇಲೆ ಸುಮಾರು 0.7 ವೋಲ್ಟಾಗಿ ಕಾಣುತ್ತದೆ ಎಂದರ್ಥ. 10 ಮೆಗಾಹರ್ಟ್ಜ್ ಚೌಕ ತರಂಗದ ಮೂಲೆಗಳನ್ನು ಕಡೆದು ನಿಲ್ಲಿಸುವುದು ಅದರ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟಿನ ಆವರ್ತನಗಳು, ಅಂದರೆ 30, 50, 70 ಮೆಗಾಹರ್ಟ್ಜ್. ಮೊದಲನೆಯದು ಸೊರಗಿ, ಉಳಿದವು ಇನ್ನೂ ಸೊರಗಿ ಬಂದಾಗ ಚೌಕದ ಮೂಲೆಗಳು ಸವೆದು ಅದು ಹೆಚ್ಚುಕಡಿಮೆ ಸೈನ್ ತರಂಗದಂತೆ ಕಾಣುತ್ತದೆ. ಸರ್ಕ್ಯೂಟಿನಲ್ಲಿ ದೋಷವೇ ಇಲ್ಲದೆ ಪರದೆಯಲ್ಲಿ ದೋಷ ಕಾಣುವುದು ಹೀಗೆ. ಏಳಿಂಚಿನ ಪರದೆಯ ಅಂದ ಇಲ್ಲಿ ನೆರವಿಗೆ ಬರುವುದಿಲ್ಲ. ತಪ್ಪು ಚಿತ್ರವನ್ನು ಅಚ್ಚುಕಟ್ಟಾಗಿ ತೋರಿಸಿ ನಂಬಿಕೆಯನ್ನು ಹೆಚ್ಚಿಸುತ್ತದೆ, ಅಷ್ಟೆ.

ಮಾದರಿಯ ವೇಗದ ವಿಷಯವೂ ಹೀಗೇ. ಚೀನಾದ ರಿಗೋಲ್ ಕಂಪನಿಯ ಡಿಎಸ್1052ಇ ಎಂಬ ಮೇಜಿನ ಸ್ಕೋಪನ್ನು ಹವ್ಯಾಸಿಗಳು ಬಿಚ್ಚಿದಾಗ, ಸೆಕೆಂಡಿಗೆ ನಾಲ್ಕು ಕೋಟಿ ಮಾದರಿಗೆಂದು ನಮೂದಾದ ಪರಿವರ್ತಕ ಚಿಪ್ಪುಗಳನ್ನು ಹತ್ತು ಕೋಟಿಯ ವೇಗದಲ್ಲಿ ಓಡಿಸಿ, ಒಂದರ ಹಿಂದೊಂದು ಸರದಿಯಲ್ಲಿ ದುಡಿಸಿ ನೂರು ಕೋಟಿಯ ವೇಗ ಹೊಂದಿಸಿದ್ದು ಕಂಡಿತು. ಇದು ಮೋಸವಲ್ಲ, ಚತುರ ಎಂಜಿನಿಯರಿಂಗ್. ಆ ಉಪಕರಣ ಹೇಳಿದ್ದನ್ನು ಮಾಡುತ್ತಿತ್ತು. 2010ರಲ್ಲಿ ಅದೇ ಹವ್ಯಾಸಿಗಳು ಕಂಪ್ಯೂಟರಿನಿಂದ ಕೆಲವು ಆಜ್ಞೆಗಳನ್ನು ಕಳಿಸಿ 50 ಮೆಗಾಹರ್ಟ್ಜ್ ಮಾದರಿಯನ್ನು 100 ಮೆಗಾಹರ್ಟ್ಜ್ ಮಾದರಿಯಾಗಿ ಬದಲಿಸಬಹುದೆಂದು ಕಂಡುಕೊಂಡರು. ಎರಡರ ಒಳಗೂ ಇದ್ದದ್ದು ಒಂದೇ ಸರ್ಕ್ಯೂಟು. ಟ್ಯಾಬ್ಲೆಟ್ ಸ್ಕೋಪಿನ ಕಾಲಕ್ಕೆ ಗಾಳಿ ತಿರುಗಿತು. ಕೆಲವು ಅಗ್ಗದ ಮಾದರಿಗಳಲ್ಲಿ ಪೆಟ್ಟಿಗೆಯ ಮೇಲಿನ ಅಂಕಿಗೂ ಒಳಗಿನ ಚಿಪ್ಪು ಮಾಡಬಲ್ಲದ್ದಕ್ಕೂ ಹಲವು ಪಟ್ಟು ಅಂತರವಿರುವುದು ಬಿಚ್ಚಿ ಅಳೆದವರಿಗೆ ಗೊತ್ತಾಗಿದೆ. ಇದ್ದದ್ದನ್ನು ಬಚ್ಚಿಡುತ್ತಿದ್ದ ಕಾಲ ಹೋಗಿ ಇಲ್ಲದ್ದನ್ನು ಬರೆಯುವ ಕಾಲ ಬಂದದ್ದು ಯಾಕೆಂದರೆ, ಗಿರಾಕಿ ಹೋಲಿಸಿ ನೋಡುವುದು ಅಂಕಿಗಳನ್ನೇ, ಮತ್ತು ಅಂಕಿ ಅಚ್ಚುಹಾಕಲು ಅನಲಾಗ್ ಸರ್ಕ್ಯೂಟಿಗೆ ತಗಲುವಷ್ಟು ಖರ್ಚಿಲ್ಲ.

ಬ್ಯಾಟರಿಯ ವಿಷಯ ಬೇರೆಯೇ ಥರದ್ದು, ಯಾಕೆಂದರೆ ಅಲ್ಲಿ ಮಿಕ್ಕ ಸಾಮಾನು ಉಪಕರಣದ ಸ್ವಭಾವವನ್ನೇ ಬದಲಿಸಿತು. ಗೋಡೆಯ ಪ್ಲಗ್ಗಿನಿಂದ ಓಡುವ ಸ್ಕೋಪಿನಲ್ಲಿ ಪ್ರೋಬಿನ ಮೊಸಳೆ ಕ್ಲಿಪ್ಪು ಒಳಗಿಂದೊಳಗೇ ಅರ್ತ್‌ಗೆ ಸೇರಿರುತ್ತದೆ. ಎಸ್‌ಎಂಪಿಎಸ್ ಪವರ್ ಸಪ್ಲೈಯಲ್ಲಿ ಗೋಡೆಯ ವಿದ್ಯುತ್ತು ಬರುವ ಕಡೆ ಆ ಕ್ಲಿಪ್ಪನ್ನು ಕಚ್ಚಿಸಿದರೆ ನೇರ ಶಾರ್ಟ್ ಆಗಿ ಬ್ರಿಡ್ಜ್ ರೆಕ್ಟಿಫೈಯರು ಸಿಡಿಯುತ್ತದೆ. ಹಾಗಾಗಿ ಬಲ್ಲ ರಿಪೇರಿಯವರು ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳುತ್ತಿದ್ದರು; ಆತುರದವರು ಸ್ಕೋಪಿನ ಅರ್ತ್ ಪಿನ್ನನ್ನೇ ತೆಗೆದುಬಿಡುತ್ತಿದ್ದರು. ಬ್ಯಾಟರಿಯ ಸ್ಕೋಪಿಗೆ ನೆಲದ ನಂಟಿಲ್ಲ, ಶಾರ್ಟ್ ಆಗುವುದಿಲ್ಲ. ಇದನ್ನು ಟ್ಯಾಬ್ಲೆಟ್ ಸ್ಕೋಪಿನ ದೊಡ್ಡ ಲಾಭವೆಂದು ಹೇಳುವುದುಂಟು. ಅರ್ಧ ಮಾತ್ರ ನಿಜ. ಕ್ಲಿಪ್ಪು ಕಚ್ಚಿದ ಜಾಗದ ವೋಲ್ಟೇಜೇ ಮೇಲಂಚಿನ ಲೋಹದ ಬಿಎನ್‌ಸಿ ಕನೆಕ್ಟರಿಗೂ ಏರಿರುತ್ತದೆ, ಬೆರಳು ತಾಗಿದರೆ ಹೊಡೆತ. ಎರಡು ಚಾನೆಲ್ಲಿನ ಕ್ಲಿಪ್ಪುಗಳೂ ಒಳಗೆ ಸಾಮಾನ್ಯವಾಗಿ ಒಂದೇ ತಂತಿ, ಬೇರೆ ಬೇರೆ ಜಾಗಕ್ಕೆ ಕಚ್ಚಿಸಿದರೆ ಮತ್ತೆ ಶಾರ್ಟ್. ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಸೇರಿಸಿದರೆ ನೆಲದ ನಂಟು ಮರಳಿ ಬಂದಂತೆಯೇ. ಕಾರ್ಖಾನೆಯ ಸಿಬ್ಬಂದಿಗಾಗಿ ಮಾಡಿದ ಸ್ಕೋಪ್‌ಮೀಟರಿನಲ್ಲಿ ಲೋಹ ಕೈಗೆ ತಾಗದಂತೆ ಹೊದಿಕೆಯಿತ್ತು, ಏಕೆಂದರೆ ಅದನ್ನು ಮಾಡಿದವರು ಈ ಅಪಾಯವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು. ಟ್ಯಾಬ್ಲೆಟ್ಟಿನ ಬ್ಯಾಟರಿ ಬಂದದ್ದು ಒಯ್ಯುವ ಅನುಕೂಲಕ್ಕೆ. ನೆಲದಿಂದ ಬಿಡುಗಡೆ ಅದರ ಜೊತೆಗೆ ಉಚಿತವಾಗಿ ಸಿಕ್ಕಿತು, ರಕ್ಷಣೆ ಜೊತೆಗೆ ಬರಲಿಲ್ಲ.

ಈ ವಾದಕ್ಕೆ ಎದುರಾಗಿ ಎರಡು ನಿದರ್ಶನಗಳನ್ನು ಮುಂದಿಡಬಹುದು. ಒಂದು, ನಮ್ಮ ದೇಶದ್ದೇ ಆದ ಎಕ್ಸ್‌ಪೈಸ್. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರದಲ್ಲಿ ರೂಪುಗೊಂಡ, ಕಂಪ್ಯೂಟರಿಗೆ ಸಿಕ್ಕಿಸಿ ಆಸಿಲೋಸ್ಕೋಪಾಗಿಯೂ ಬಳಸಬಹುದಾದ, ಮುಕ್ತ ವಿನ್ಯಾಸದ ಸಣ್ಣ ಪೆಟ್ಟಿಗೆ ಇದು. ಇದನ್ನು ವಿದ್ಯಾರ್ಥಿಗಳಿಗಾಗಿಯೇ, ಅವರ ಜೇಬನ್ನು ನೋಡಿಯೇ ಮಾಡಿದ್ದು. ಉದ್ದೇಶದ ಮಟ್ಟಿಗೆ ಇದು ನಿಜವಾದ ಅಪವಾದ, ಹೀತ್‌ಕಿಟ್ಟಿನಂತೆ. ಆದರೆ ಹೀತ್‌ಕಿಟ್ಟಿನಂತೆಯೇ ಇದರ ಮಿತಿಯನ್ನೂ ನಿರ್ಧರಿಸಿದ್ದು ಸಿಕ್ಕ ಸಾಮಾನು. ಮಾದರಿ ತೆಗೆಯುವುದು ಸಾಧಾರಣ ಮೈಕ್ರೋಕಂಟ್ರೋಲರು, ಪರದೆಯಾಗುವುದು ಮನೆಯಲ್ಲಿರುವ ಕಂಪ್ಯೂಟರು. ಉದ್ದೇಶ ಹವ್ಯಾಸಿಯದೋ ವಿದ್ಯಾರ್ಥಿಯದೋ ಆಗಿರಬಹುದು, ಬಿಡಿಭಾಗ ಮಾತ್ರ ಬೇರೆಯವರದೇ. ಎರಡನೆಯ ನಿದರ್ಶನ ಮೈಕ್‌ಸಿಗ್, ಓವನ್‌ನಂಥ ಚೀನೀ ಕಂಪನಿಗಳ ನಾಲ್ಕು ಚಾನೆಲ್ಲಿನ ಟ್ಯಾಬ್ಲೆಟ್ ಸ್ಕೋಪುಗಳು. ಇವುಗಳ ಅನಲಾಗ್ ಭಾಗ ಗಂಭೀರವಾದದ್ದು. ನೆನಪೂ 2,500 ಬಿಂದುಗಳ ಆ ಕಾಲಕ್ಕೆ ಹೋಲಿಸಲಾಗದಷ್ಟು, ಕೋಟಿಗಳಲ್ಲಿ. ಆದರೆ ಇವುಗಳನ್ನು ಸಾಕುತ್ತಿರುವುದು ಹೊರಗೆ ಹೋಗಿ ದುಡಿಯುವ ವೃತ್ತಿಪರರು. ಮೈಕ್‌ಸಿಗ್ ಕಾರು ರಿಪೇರಿಗೆಂದೇ ಬೇರೆ ಮಾದರಿಗಳನ್ನು ಮಾರುತ್ತದೆ. ಹವ್ಯಾಸಿ ಇಲ್ಲಿಯೂ ಬೇರೆಯವರಿಗೆ ಹಾಕಿದ ಪಂಕ್ತಿಯಲ್ಲೇ ಕೂರುವವನು, ಎಲೆ ಮಾತ್ರ ದುಬಾರಿ.

ಹಾಗಾದರೆ ಅಗ್ಗದ ಟ್ಯಾಬ್ಲೆಟ್ ಸ್ಕೋಪು ಹುಸಿಯೇ? ಅಲ್ಲ. ಆಡಿಯೋ ಆಂಪ್ಲಿಫೈಯರಿನ ಸಿಗ್ನಲ್ 20 ಕಿಲೋಹರ್ಟ್ಜ್ ದಾಟುವುದಿಲ್ಲ, ಮೊಬೈಲ್ ಚಾರ್ಜರಿನ ಸ್ವಿಚಿಂಗ್ ಬಹುಮಟ್ಟಿಗೆ ನೂರರ ಆಸುಪಾಸಿನ ಕಿಲೋಹರ್ಟ್ಜ್, ಆರ್ಡುಯಿನೋ ಬೋರ್ಡು ಸೆನ್ಸರುಗಳೊಂದಿಗೆ ನಡೆಸುವ ಐಸ್ಕ್ವೇರ್‌ಸಿ ಮಾತುಕತೆ ಸಾಮಾನ್ಯವಾಗಿ 100 ಅಥವಾ 400 ಕಿಲೋಹರ್ಟ್ಜ್. ಇಷ್ಟಕ್ಕೆ ನಿಜವಾದ 30 ಮೆಗಾಹರ್ಟ್ಜ್ ಇದ್ದರೆ ಧಾರಾಳ. ವಂಶಾವಳಿ ಗೊತ್ತಿರುವ ಗಿರಾಕಿ ಪರದೆಯ ಅಗಲವನ್ನು ಕೇಳುವುದಿಲ್ಲ, ಅದು ಹೇಗೂ ಚೆನ್ನಾಗಿರುತ್ತದೆ. ಪರದೆಯ ಚೌಕಳಿಯ ಒಂದು ಮನೆಗೆ ಅತಿ ಸಣ್ಣ ವೋಲ್ಟೇಜು ಎಷ್ಟು, ಎರಡು ಚಾನೆಲ್ಲೂ ಓಡುವಾಗ ಮಾದರಿಯ ವೇಗ ಎಷ್ಟು, ಟ್ರಿಗರ್ ಸಣ್ಣ ಸಿಗ್ನಲ್ಲಿಗೂ ನಿಲ್ಲುತ್ತದೆಯೇ ಎಂದು ಕೇಳುತ್ತಾನೆ. ಇನ್ನೊಂದು ಮಾತನ್ನೂ ಸೇರಿಸಬೇಕು. ಮಿಕ್ಕ ಸಾಮಾನು ಎಂಬುದು ಈ ಚರಿತ್ರೆಯ ಅರ್ಧ. ಅದನ್ನು ತಿದ್ದಿಕೊಂಡ ಕೈ ಇನ್ನರ್ಧ. ರೇಡಾರ್ ಕೊಳವೆಗೆ ಹೊಸ ಸರ್ಕ್ಯೂಟ್ ಕಟ್ಟಿದವರು, ರಿಗೋಲಿಗೆ ಅದರ ಪೂರ್ಣ ಬಲವನ್ನು ಬಿಡಿಸಿಕೊಟ್ಟವರು, ಈಗ ಅಗ್ಗದ ಟ್ಯಾಬ್ಲೆಟ್ ಸ್ಕೋಪಿನ ತಂತ್ರಾಂಶವನ್ನು ಬಗೆದು ನೋಡಿ ಪರದೆಯ ಅಂಕಿಗಳು ನಿಜ ಹೇಳುವಂತೆ ಹೊಸದಾಗಿ ಬರೆದು ಹಂಚುತ್ತಿರುವವರು, ಎಲ್ಲರೂ ಒಂದೇ ಪರಂಪರೆಯವರು. ಸ್ಕೋಪು ಅವರಿಗಾಗಿ ಮಾಡಿದ್ದಲ್ಲ ಎಂಬುದೇ ಅವರು ಅದನ್ನು ಬಿಚ್ಚಲು ಕಾರಣ. ಬಿಚ್ಚಿದ್ದರಿಂದಲೇ ಅದರ ಯಾವ ಅಂಕಿ ನಿಜ, ಯಾವುದು ಹುಸಿ ಎಂಬುದು ಉಳಿದವರಿಗೆ ತಿಳಿದದ್ದು.